ಎಣಿಕೆಯಕ್ಕ ಮತ್ತು ಕಾಣೆಯಾದ ಎಂಟು ಹಾಳೆ

ಬೆಳಗಿನ ಐದೂವರೆ. ಬೀದಿದೀಪಗಳು ಇನ್ನೂ ಆರಿಲ್ಲ. ಹಾರ್ಡ್‌ವೇರ್ ಅಂಗಡಿಯ ಪಕ್ಕದ ಕಿರಿದಾದ ಮೆಟ್ಟಿಲು ಹತ್ತಿ ಹೋದರೆ, ಮೇಲಿನ ಕೋಣೆಯ ಮೂಲೆಯಲ್ಲಿ ಒಬ್ಬ ಹೆಂಗಸು ನಲ್ಲಿಯ ಮುಂದೆ ನಿಂತು ಕೈ ತೊಳೆಯುತ್ತಿದ್ದಾರೆ. ನಾವು ನೀವು ಊಟಕ್ಕೆ ಮುಂಚೆ ತೊಳೆದು ಮುಗಿಸುವ ಹಾಗಲ್ಲ. ಬೆರಳ ಸಂದಿ, ಉಗುರಿನ ಅಡಿ, ಮಣಿಕಟ್ಟು, ಎಲ್ಲವೂ ಆಗಬೇಕು. ಒರೆಸಿಕೊಂಡ ಮೇಲೆ ಎರಡೂ ಕೈಗಳನ್ನು ಮುಂದಕ್ಕೆ ಚಾಚಿ, ಗೋಡೆಯ ಗಡಿಯಾರದಲ್ಲಿ ಎರಡು ನಿಮಿಷ ಕಳೆಯುವವರೆಗೂ ಸುಮ್ಮನೆ ನಿಲ್ಲುತ್ತಾರೆ. ಬಾಗಿಲಲ್ಲಿ ನಿಂತ ನನ್ನನ್ನು ಕಂಡು, ಕೈ ಚಾಚಿಕೊಂಡೇ ನಗುತ್ತಾರೆ.

"ಏನೂ ತಿಳ್ಕೋಬೇಡಿ, ಕೈ ಆರಬೇಕು. ಒದ್ದೆ ಕೈಯಲ್ಲಿ ಹಳೇ ಹಾಳೆ ಮುಟ್ಟಿದ್ರೆ ಮುಟ್ಟಿದ ಕಡೆಯೇ ಕಿತ್ಕೊಂಡು ಬರುತ್ತೆ. ಕೂತ್ಕೊಳ್ಳಿ. ಅಯ್ಯೋ, ಆ ಕುರ್ಚಿ ಬೇಡ, ಅದು ಪುಸ್ತಕಕ್ಕೆ."

ನಾನು ಸ್ಟೂಲಿನ ಮೇಲೆ ಕೂರುತ್ತೇನೆ. ಮೆತ್ತನೆಯ ದಿಂಬಿರುವ ಒಳ್ಳೆಯ ಕುರ್ಚಿಯಲ್ಲಿ ತೊಂಬತ್ತು ವರ್ಷ ಹಳೆಯದೊಂದು ಪುಸ್ತಕ ಆರಾಮಾಗಿ ಮಲಗಿದೆ.

ಈಕೆಗೆ ಐವತ್ತೇಳು ವರ್ಷ. ಸುತ್ತಲಿನ ಹದಿನಾಲ್ಕು ಸಣ್ಣಪುಟ್ಟ ಗ್ರಂಥಾಲಯಗಳು ಸೇರಿ ಕಟ್ಟಿಕೊಂಡಿರುವ ಒಂದು ಡಿಜಿಟಲ್ ಗ್ರಂಥಾಲಯವಿದೆ. ಆ ಹದಿನಾಲ್ಕು ಕಡೆಯ ಹಳೆಯ ಪುಸ್ತಕಗಳನ್ನು ಪುಟಪುಟವಾಗಿ ಫೋಟೊ ತೆಗೆಯುವುದು ಇವರ ಕೆಲಸ. ಮನೆಯವರು ಇಟ್ಟ ಹೆಸರು ಎಲ್ಲೋ ಕಾಗದಪತ್ರದಲ್ಲಿದೆಯಂತೆ, ಹೊರಗೆ ಎಲ್ಲರಿಗೂ ಇವರು ಎಣಿಕೆಯಕ್ಕ. ಆ ಗ್ರಂಥಾಲಯವನ್ನು ಫೋನಿನಲ್ಲಿ ತೆರೆದು ಓದುವ ಸಾವಿರಾರು ಜನರಲ್ಲಿ ನಾನೂ ಒಬ್ಬ. ಇಷ್ಟು ವರ್ಷ ಓದಿದರೂ, ಈ ಪುಟಗಳನ್ನೆಲ್ಲ ಯಾರೋ ಕೈಯಿಂದ ತಿರುವಿರಬೇಕಲ್ಲ ಎಂದು ಒಮ್ಮೆಯೂ ತಲೆಗೆ ಹೋಗಿರಲಿಲ್ಲ. ಹೋದದ್ದು ಒಂದು ಪುಟದ ಅಂಚಿನಲ್ಲಿ ಹೆಬ್ಬೆರಳಿನ ತುದಿ ಕಂಡ ದಿನ. ಆ ಬೆರಳಿನ ಯಜಮಾನಿ ಯಾರೆಂದು ಹುಡುಕಿಕೊಂಡು ಬಂದ ಪತ್ರಿಕೆಯವನು ನಾನು.

"ಆ ಬೆರಳು ನಂದೇ," ಎಂದು ಒಪ್ಪಿಕೊಳ್ಳುತ್ತಾರೆ ಅವರು. "ಇಪ್ಪತ್ತು ಲಕ್ಷ ಪುಟದಲ್ಲಿ ಹನ್ನೊಂದು ಕಡೆ ಬಿದ್ದಿದೆ. ಎಲ್ಲೆಲ್ಲಿ ಅಂತ ಬರೆದಿಟ್ಟಿದ್ದೀನಿ. ನೀವು ನೋಡಿದ್ದು ಯಾವುದು?"

ಹೇಳಿದೆ. ಒಂದು ನೋಟ್‌ಬುಕ್ ತೆಗೆದು ನೋಡಿ, "ಏಳನೇದು" ಎಂದು ಮುಚ್ಚಿಟ್ಟರು.

ಕೋಣೆಯ ನಡುವೆ ಅವರ ಯಂತ್ರವಿದೆ. ಯಂತ್ರ ಎಂದರೆ ಹೆಚ್ಚಾಯಿತು. ಪುಸ್ತಕವನ್ನು ಅರ್ಧ ತೆರೆದ ಸ್ಥಿತಿಯಲ್ಲಿ ಒರಗಿಸಿಡುವ ಮರದ ತೊಟ್ಟಿಲು, ಎಡಬಲಕ್ಕೆ ಎರಡು ಕ್ಯಾಮೆರಾ, ಮೇಲಿನಿಂದ ಇಳಿದು ಎರಡೂ ಪುಟಗಳನ್ನು ಒತ್ತಿ ಹಿಡಿಯುವ ಗಾಜು, ಕಾಲಡಿಯಲ್ಲಿ ಒಂದು ಪೆಡಲು. ಗಾಜು ಇಳಿಸು, ಪೆಡಲು ಒತ್ತು, ಗಾಜು ಎತ್ತು, ಹಾಳೆ ತಿರುವು. ಗಟ್ಟಿ ಪುಸ್ತಕವಾದರೆ ದಿನಕ್ಕೆ ಸಾವಿರ ಪುಟ, ಮುಟ್ಟಿದರೆ ಪುಡಿಯಾಗುವಂಥದ್ದಾದರೆ ಇನ್ನೂರು ಆದರೆ ಪುಣ್ಯ. ಪುಡಿಯಾಗುವ ಪುಸ್ತಕಗಳಿಗಾಗಿಯೇ ಅವರು ಇಷ್ಟು ಬೇಗ ಬರುತ್ತಾರೆ. ಏಳು ಗಂಟೆಗೆ ಕೆಳಗಿನ ರಸ್ತೆಯಲ್ಲಿ ಬಸ್ಸುಗಳು ಶುರುವಾದವು ಎಂದರೆ ನೆಲ ಅದುರುತ್ತದೆ, ನೆಲದ ಜೊತೆ ಕ್ಯಾಮೆರಾ, ಕ್ಯಾಮೆರಾದ ಜೊತೆ ಅಕ್ಷರ. ಬೇಸಿಗೆಯಲ್ಲೂ ಫ್ಯಾನು ಹಾಕುವಂತಿಲ್ಲ, ಹಾಳೆ ಹಾರುತ್ತದೆ. ಮಧ್ಯಾಹ್ನದ ಹೊತ್ತಿಗೆ ಕೋಣೆ ಕಾದ ಹೆಂಚಾಗಿರುತ್ತದೆ. ಪೆಡಲು ಒತ್ತಿ ಒತ್ತಿ ಬಲಮಂಡಿ ಹೋಗಿದೆ. ಡಾಕ್ಟರು ಎಡಗಾಲಿನಿಂದ ಒತ್ತಿ ಎಂದರಂತೆ, ಈಗ ಎಡಮಂಡಿಯೂ ಶುರುವಾಗಿದೆ.

ಫೋಟೊ ತೆಗೆಯುವುದಕ್ಕೆ ಮುಂಚೆ ಎಣಿಕೆ. ಇದನ್ನು ಕಣ್ಣಾರೆ ನೋಡಬೇಕು. ಪುಸ್ತಕದ ಒಂದು ಮೂಲೆಯನ್ನು ಎಡಗೈಯಲ್ಲಿ ಹಿಡಿದು ಹಾಳೆಗಳನ್ನು ಬೀಸಣಿಗೆಯಂತೆ ಹರಡುತ್ತಾರೆ. ಬಲಗೈ ಬೆರಳುಗಳು ಐದೈದು ಹಾಳೆಗಳನ್ನು ಸರಸರನೆ ಹಿಂದಕ್ಕೆ ಸರಿಸುತ್ತವೆ. ತುಟಿ ಅಲುಗುವುದಿಲ್ಲ, ಕಣ್ಣು ಎಲ್ಲೋ ಗೋಡೆಯ ಮೇಲಿರುತ್ತದೆ. ಅರ್ಧ ನಿಮಿಷದಲ್ಲಿ "ನೂರ ಹದಿನೆಂಟು" ಎನ್ನುತ್ತಾರೆ. ನಾನು ಹಟ ಹಿಡಿದು ಒಂದೊಂದಾಗಿ ಎಣಿಸಿದೆ, ಒಂಬತ್ತು ನಿಮಿಷ ಬೇಕಾಯಿತು. ನೂರ ಹದಿನೇಳು ಬಂತು.

"ಎರಡು ಅಂಟ್ಕೊಂಡಿದೆ ನೋಡಿ, ನಲವತ್ತರ ಹತ್ತಿರ," ಎಂದರು. ನಿಜಕ್ಕೂ ಅಂಟಿಕೊಂಡಿತ್ತು. ಆಮೇಲೆ ನಾನು ಬಾಯಿ ಮುಚ್ಚಿಕೊಂಡು ಬರೆದುಕೊಳ್ಳತೊಡಗಿದೆ.

ಈ ವಿದ್ಯೆ ಅವರಿಗೆ ಬಂದದ್ದು ಬೈಂಡಿಂಗ್ ಮನೆಯಲ್ಲಿ. ಹದಿನಾರನೇ ವಯಸ್ಸಿಗೆ ಒಂದು ಅಚ್ಚುಕೂಟದ ಹಿಂಬದಿಯ ಶೆಡ್ಡಿಗೆ ಸೇರಿದರು. ಮಡಿಸುವುದು, ಜೋಡಿಸುವುದು, ಹೊಲಿಯುವುದು, ಅಂಟು ಬಳಿಯುವುದು; ಇಪ್ಪತ್ತೊಂಬತ್ತು ವರ್ಷ ಅದೇ. ಅಲ್ಲಿನ ಹಿರಿಯ ಬೈಂಡರಮ್ಮ ಕಲಿಸಿದ ಮೊದಲ ಪಾಠ ಇದು: ಕೆಲಸದ ಹೊತ್ತಿನಲ್ಲಿ ಓದಬಾರದು.

"ಓದೋಕೆ ಹೋದ್ರೆ ಕೈ ನಿಂತ್ಹೋಗುತ್ತೆ ಅನ್ನೋರು. ಒಂದ್ಸಲ ನಾನು ಯಾವುದೋ ಕಥೆಯ ಕೊನೇ ಪುಟ ಓದ್ತಾ ನಿಂತಿದ್ದೆ. ಹಿಂದಿನಿಂದ ಬಂದು ಕಿವಿ ಹಿಂಡಿದ್ರು. 'ಕಣ್ಣು ಮನೇಲಿಟ್ಟು ಬಾ, ಬೆರಳು ತಗೊಂಡು ಬಾ' ಅಂದ್ರು. ಅವತ್ತಿಂದ ನಾನು ಪುಸ್ತಕ ನೋಡಲ್ಲ, ಮುಟ್ತೀನಿ."

ಅಚ್ಚುಕೂಟ ಮುಚ್ಚಿದ ಮೇಲೆ ಎರಡು ತಿಂಗಳು ಮನೆಯಲ್ಲಿದ್ದರು. ಮನೆಯೆಂದರೆ ಬಸ್ ಡ್ರೈವರ್ ಆಗಿದ್ದ ಗಂಡ ಮತ್ತು ಎಂಬತ್ತು ದಾಟಿದ ಅತ್ತೆ. ಆ ಎರಡು ತಿಂಗಳ ಬಗ್ಗೆ ಅತ್ತೆಯ ಬಳಿ ದೂರಿನ ಗಂಟೇ ಇದೆ. "ಸುಮ್ನೆ ಕೂರೋಕೆ ಬರಲ್ಲ ಅವಳಿಗೆ. ಚಮಚ ತೊಳೆದ್ರೂ ಐದೈದಾಗಿ ಇಡೋದು. ನನ್ನ ಮಾತ್ರೆ ಡಬ್ಬಿ ದಿನಾ ಮೂರು ಸಲ ಎಣಿಸೋದು. ನಾನೇನು ಕದ್ದು ತಿಂತೀನಾ? ಕೆಲಸ ಸಿಕ್ತಲ್ಲಪ್ಪ, ನಾನು ಬಚಾವಾದೆ."

ಆ ಕೆಲಸ ಸಿಕ್ಕಿದ ಬಗೆಯನ್ನು ತಿಳಿಯಲು ಈ ಗ್ರಂಥಾಲಯ ಹುಟ್ಟಿದ ಕಥೆಗೆ ಹೋಗಬೇಕು. ಹನ್ನೆರಡು ವರ್ಷಗಳ ಹಿಂದೆ ನಾಲ್ಕು ಗ್ರಂಥಾಲಯದವರು ಒಂದು ಬೆಂಚಿನ ಮೇಲೆ ಕೂತು ಟೀ ಕುಡಿಯುತ್ತಿದ್ದರು. ಒಬ್ಬರು, ನಮ್ಮಲ್ಲಿ ಒಂದು ನಿಘಂಟಿದೆ, ಮೊದಲ ಸಂಪುಟವೇ ಇಲ್ಲ ಎಂದು ಹಲುಬಿದರು. ಇನ್ನೊಬ್ಬರು, ನಮ್ಮಲ್ಲಿ ಮೊದಲನೆಯದು ಮಾತ್ರ ಇದೆ ಎಂದರು. ಲೆಕ್ಕ ಹಾಕಿದರೆ ನಾಲ್ವರ ಹತ್ತಿರವೂ ಒಂದೇ ನಿಘಂಟಿನ ಚೂರುಗಳು. ನಲವತ್ತು ವರ್ಷಗಳಿಂದ ನಾಲ್ಕು ಬೀರುಗಳಲ್ಲಿ ಬೀಗ ಹಾಕಿಸಿಕೊಂಡು ಕೂತಿದ್ದವು. ಪುಸ್ತಕ ಬಿಟ್ಟುಕೊಡಲು ಯಾರಿಗೂ ಮನಸ್ಸಿಲ್ಲ. ಆದರೆ ಫೋಟೊ ತೆಗೆದು ಒಂದೆಡೆ ಜೋಡಿಸಿದರೆ ಯಾರ ಗಂಟೂ ಹೋಗುವುದಿಲ್ಲ. ಹಾಗೆ ಶುರುವಾಯಿತು ಅವರೇ ಕರೆಯುವ 'ಕೂಟ'. ಹಳೆಯ ಹಾಳೆ ಹರಿಯದಂತೆ ತಿರುವುವ ಕೈ ಬೇಕಿತ್ತು, ಮುಚ್ಚಿದ ಅಚ್ಚುಕೂಟದಿಂದ ಮನೆಗೆ ಹೋಗಿದ್ದ ಎಣಿಕೆಯಕ್ಕನನ್ನು ಕರೆಸಿಕೊಂಡರು.

ಇಂದಿಗೂ ಕೂಟದ ಕಾರ್ಯದರ್ಶಿಯಾಗಿರುವವರು, ಶಾಲೆಯೊಂದರ ನಿವೃತ್ತ ಗ್ರಂಥಪಾಲಕರು, ಆ ದಿನಗಳನ್ನು ನೆನೆದು ತಲೆ ಚಚ್ಚಿಕೊಳ್ಳುತ್ತಾರೆ. "ಪುಸ್ತಕ ಸೇರಿಸೋದು ಸುಲಭ, ಜನ ಸೇರಿಸೋದು ಕಷ್ಟ. ಒಬ್ಬರು ಕೋಣೆ ಕೊಟ್ರು, ಒಬ್ಬರು ಕರೆಂಟು, ಒಬ್ಬರು ಕಂಪ್ಯೂಟರು. ಎಲ್ಲಾ ಆಯ್ತು ಅನ್ನೋವಾಗ ಯಾರ ಹೆಸರು ಮೊದಲು ಬರಬೇಕು ಅಂತ ಜಗಳ. ಆರು ತಿಂಗಳು ಅದೇ ನಡೀತು. ಕೊನೆಗೆ ಎಣಿಕೆಯಕ್ಕ ಒಂದು ದಾರಿ ಹೇಳಿದ್ರು: ಯಾರ ಪುಸ್ತಕವೋ ಅವರ ರಬ್ಬರ್ ಸ್ಟಾಂಪಿರೋ ಪುಟ ಮೊದಲು ಹಾಕಿ, ಬೇರೆ ಯಾರ ಹೆಸರೂ ಎಲ್ಲೂ ಬೇಡ. ಎಲ್ಲರೂ ತಣ್ಣಗಾದ್ರು."

ಎಲ್ಲೂ ಹೆಸರು ಬೇಡ ಎಂದ ಆ ನಿಯಮದಲ್ಲಿ ಮೊದಲು ಮರೆಯಾದದ್ದು ಅವರದೇ ಹೆಸರು. ಅದು ಅವರಿಗೆ ಹೊಳೆದೇ ಇಲ್ಲ, ನಾನು ಹೇಳಿದಾಗ "ಹೌದಲ್ವಾ" ಎಂದು ನಕ್ಕರು.

ಮೂರನೇ ವರ್ಷ ಕಂಪ್ಯೂಟರಿನ ಡಿಸ್ಕು ಕೆಟ್ಟು ಏಳುನೂರು ಪುಸ್ತಕ ಅಳಿಸಿಹೋದವು. ಬೇರೆ ಪ್ರತಿ ಇರಲಿಲ್ಲ. ಕೂಟವೇ ಮುಚ್ಚಿಹೋಗುವ ಹಾಗಿತ್ತು. ಎಣಿಕೆಯಕ್ಕ ಏಳುನೂರನ್ನೂ ಮತ್ತೆ ಮೊದಲಿನಿಂದ ತಿರುವಿದರು. ಅದಾದ ಮೇಲೆ ಪ್ರತಿಯೊಂದಕ್ಕೂ ಮೂರು ಊರಿನಲ್ಲಿ ಮೂರು ಪ್ರತಿ. ಇಂದು ಅಲ್ಲಿರುವುದು ಒಂಬತ್ತು ಸಾವಿರದ ನೂರಕ್ಕೂ ಹೆಚ್ಚು ಪುಸ್ತಕ, ದಿನಕ್ಕೆ ಸುಮಾರು ಸಾವಿರದ ಏಳುನೂರು ಓದುಗರು. ಪುಸ್ತಕಗಳು ಬರುವುದು ಹೋಗುವುದು ತಗಡಿನ ಟ್ರಂಕಿನಲ್ಲಿ. ಒಳಗೆ ಒಂದು ಪಟ್ಟಿ: ಪುಸ್ತಕ ಯಾವುದು, ಎಷ್ಟು ಹಾಳೆ. ಬಂದಾಗ ಒಮ್ಮೆ, ಫೋಟೊ ಆದ ಮೇಲೆ ಒಮ್ಮೆ, ವಾಪಸು ಹೊರಡುವಾಗ ಒಮ್ಮೆ ಎಣಿಕೆಯಕ್ಕ ಎಣಿಸಿ ಪಟ್ಟಿಯ ಕೆಳಗೆ 'ಪೂರ್ಣ ಇದೆ' ಎಂದು ಬರೆದು ಸಹಿ ಹಾಕುತ್ತಾರೆ. ಹದಿನಾಲ್ಕು ಗ್ರಂಥಾಲಯಗಳು ಕಣ್ಣು ಮುಚ್ಚಿ ನಂಬುವುದು ಈ ಎರಡು ಪದಗಳನ್ನು.

ಆ ಎರಡು ಪದ ಒಮ್ಮೆ ತಪ್ಪಾಯಿತು. ಇಷ್ಟು ಹೊತ್ತು ಲವಲವಿಕೆಯಿಂದ ಮಾತಾಡುತ್ತಿದ್ದವರು ಆ ವಿಷಯ ಬಂದಾಗ ಗಾಜನ್ನು ಮೇಲೆತ್ತಿ, ಪೆಡಲಿನಿಂದ ಕಾಲು ತೆಗೆದು ನನ್ನ ಕಡೆ ತಿರುಗಿ ಕೂರುತ್ತಾರೆ. ಕೆಲಸ ಮಾಡುತ್ತಾ ಹೇಳುವ ಮಾತಲ್ಲ ಇದು.

ಎಂಟು ವರ್ಷದ ಹಿಂದೆ ಬಂದ ಪುಸ್ತಕ ಅದು. ಹಿಂದೊಮ್ಮೆ ಸರ್ವೆ ಗುಮಾಸ್ತನೊಬ್ಬ ಹಳ್ಳಿ ಹಳ್ಳಿ ನಡೆದು, ಎಲ್ಲೆಲ್ಲಿ ಬಾವಿ ಇದೆ, ಎಷ್ಟು ಆಳ, ಯಾವ ಕಲ್ಲು, ನೀರು ಸಿಹಿಯೋ ಉಪ್ಪೋ ಎಂದು ಬರೆದಿಟ್ಟ ಮುನ್ನೂರ ಇಪ್ಪತ್ತು ಪುಟಗಳ ಪುಸ್ತಕ. ಕೂಟದಲ್ಲಿ ಎರಡೇ ಪ್ರತಿ ಇದ್ದವು. ಗಿರಣಿ ಕಾರ್ಮಿಕರ ಗ್ರಂಥಾಲಯದ್ದು ಹೊಸದರಂತೆ ಇತ್ತು, ನೇಕಾರರ ಓದುಮನೆಯದು ಬೆನ್ನು ಮುರಿದು ಚಿಂದಿಯಾಗಿತ್ತು. ಎರಡು ಪ್ರತಿ ಇದ್ದರೆ ಚೆನ್ನಾಗಿರುವುದನ್ನು ಆರಿಸಿಕೊಳ್ಳುವುದು ಕೂಟದ ಪದ್ಧತಿ. ಗಿರಣಿಯ ಪ್ರತಿ ಬಂತು. ಎಣಿಕೆಯಕ್ಕ ಎಣಿಸಿದರು, ಮೂವತ್ತೆರಡು ಐದು, ನೂರ ಅರವತ್ತು ಹಾಳೆ. ಮೂರು ಸಲವೂ ಅಷ್ಟೇ. ಪಟ್ಟಿಯಲ್ಲೂ ಅಷ್ಟೇ. ಪೂರ್ಣ ಇದೆ, ಸಹಿ. ಪೂರ್ಣ ಇದೆ, ನಿಮ್ಮ ಪ್ರತಿ ಕಳಿಸುವ ಅಗತ್ಯವಿಲ್ಲ ಎಂಬ ಪತ್ರ ಅದೇ ಸಹಿಯೊಂದಿಗೆ ಓದುಮನೆಗೆ ಹೋಯಿತು.

ಆರು ವರ್ಷ ಯಾರ ಗಮನಕ್ಕೂ ಬರಲಿಲ್ಲ. ಆಮೇಲೆ ಒಂದು ಹಳ್ಳಿಯ ನೀರಿನ ಪಂಪು ನೋಡಿಕೊಳ್ಳುವ ಹೆಂಗಸೊಬ್ಬರಿಂದ ಕಾಗದ ಬಂತು. ನಮ್ಮ ಹಳ್ಳಿ ನೂರ ಹತ್ತೊಂಬತ್ತನೇ ಪುಟದಲ್ಲಿದೆ ಎಂದು ಪುಸ್ತಕದ ಮುಂದಿನ ಪಟ್ಟಿ ಹೇಳುತ್ತದೆ, ಆದರೆ ಆ ಪುಟವೇ ಸಿಗುತ್ತಿಲ್ಲ, ನೂರ ಹನ್ನೆರಡು ಆದ ಮೇಲೆ ಮತ್ತೆ ತೊಂಬತ್ತೇಳು ಬರುತ್ತದೆ, ನನ್ನ ಫೋನು ಕೆಟ್ಟಿದೆಯೇ ಎಂದು ಪಾಪ ವಿನಯವಾಗಿ ಕೇಳಿದ್ದರು.

ಫೋನು ಕೆಟ್ಟಿರಲಿಲ್ಲ. ಹದಿನಾರು ಪುಟಗಳು ಒಂದೇ ದೊಡ್ಡ ಕಾಗದದ ಮೇಲೆ ಅಚ್ಚಾಗುತ್ತವೆ, ಅದನ್ನು ಮಡಿಸಿದರೆ ಎಂಟು ಹಾಳೆಯ ಒಂದು ಕಟ್ಟು. ಅಚ್ಚಿನವರು ಅದನ್ನು ಫಾರಂ ಎನ್ನುತ್ತಾರೆ. ಗಿರಣಿಯ ಆ ಅಂದವಾದ ಪ್ರತಿಯಲ್ಲಿ, ಯಾವ ಕಾಲದಲ್ಲೋ ಯಾರೋ ಬೈಂಡರು ಏಳನೇ ಫಾರಮ್ಮನ್ನೇ ಎರಡು ಸಲ ಹೊಲಿದು ಎಂಟನೆಯದನ್ನು ಬಿಟ್ಟಿದ್ದ. ಹಾಳೆಗಳ ಲೆಕ್ಕ ಸರಿ. ನೂರ ಅರವತ್ತಕ್ಕೆ ನೂರ ಅರವತ್ತು. ಪುಟದ ಮೇಲಿನ ಅಂಕಿಯನ್ನು ಒಂದು ಸಲ ಕಣ್ಣೆತ್ತಿ ನೋಡಿದ್ದರೆ ಯಾವ ಹೊಸಬರಿಗೂ ಗೊತ್ತಾಗುತ್ತಿತ್ತು. ಮೂವತ್ತಕ್ಕೂ ಹೆಚ್ಚು ವರ್ಷ ಬೆರಳನ್ನೇ ನಂಬಿದವರಿಗೆ ಗೊತ್ತಾಗಲಿಲ್ಲ.

"ನನ್ನ ಬೆರಳು ಸುಳ್ಳು ಹೇಳ್ಲಿಲ್ಲ ನೋಡಿ. ಅದೇ ಹೊಟ್ಟೆ ಉರಿಯೋದು. ಬೆರಳು ಎಂಟು ಹಾಳೆ ಅಂತು, ಎಂಟು ಹಾಳೇನೇ ಇತ್ತು. ಯಾವ ಎಂಟು ಅಂತ ನಾನು ಕೇಳ್ಲಿಲ್ಲ."

ಓದುಮನೆಯ ಚಿಂದಿ ಪ್ರತಿ ತರಿಸಿದರಾಯಿತು ಎಂದು ಕಾರ್ಯದರ್ಶಿಗಳು ಫೋನು ಮಾಡಿದರು. ಓದುಮನೆಯನ್ನು ನೋಡಿಕೊಳ್ಳುವವರು ನಿವೃತ್ತ ಮೇಷ್ಟ್ರು, ಎಪ್ಪತ್ತಾರು ವರ್ಷ. ಫೋನು ಇಟ್ಟು ಮಾರನೇ ದಿನ ಸ್ವತಃ ಬಂದರು. ಈ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ, ಜೇಬಿನಿಂದ ಆ ಹಳೆಯ ಪತ್ರ ತೆಗೆದು ಮೇಜಿನ ಮೇಲಿಟ್ಟರು. ಪೂರ್ಣ ಇದೆ. ಕೆಳಗೆ ಸಹಿ. ಓದುಮನೆಯ ಮಾಡು ರಿಪೇರಿಯ ವರ್ಷ ಜಾಗವಿಲ್ಲದೆ, ಹೇಗೂ ಕೂಟದಲ್ಲಿ ಪೂರ್ಣ ಇದೆಯಲ್ಲ ಎಂದು, ಆ ಪ್ರತಿಯನ್ನು ರದ್ದಿಗೆ ಹಾಕಿದ್ದರು.

"'ನಿಮ್ಮ ಸಹಿ ನೋಡಿ ಎಸೆದೆ ಅಮ್ಮ' ಅಂದ್ರು. ಅಷ್ಟೇ. ಬೈದಿದ್ರೆ ತಡ್ಕೋತಿದ್ದೆ. ನೀರು ಕೊಟ್ಟೆ, ಕುಡೀಲಿಲ್ಲ. ಇನ್ಮೇಲೆ ಓದುಮನೆಯಿಂದ ಪುಸ್ತಕ ಬರಲ್ಲ ಅಂದು ಇಳಿದು ಹೋದ್ರು."

ಓದುಮನೆಯಲ್ಲಿ ಇನ್ನೂ ಫೋಟೊ ತೆಗೆಯದ ನಾನೂರ ಹನ್ನೆರಡು ಪುಸ್ತಕಗಳಿದ್ದವು. ಅದರಲ್ಲಿ ಅರ್ಧದಷ್ಟು ಬೇರೆಲ್ಲೂ ಇಲ್ಲ. ಹಿಂಬದಿ ಗೋಡೆಗೆ ಗೆದ್ದಲು ಹತ್ತಿದೆ, ಬೀರುವಿನ ಕಾಲಿಗೆ ಬಂದಿದೆ. ಎಣಿಕೆಯಕ್ಕನ ನಿದ್ದೆ ಕೆಡಿಸಿದ್ದು ಕಳೆದುಹೋದ ಎಂಟು ಹಾಳೆಗಿಂತ ಈ ನಾನೂರ ಹನ್ನೆರಡು. ಒಂದು ಸಹಿ ಸುಳ್ಳಾದದ್ದಕ್ಕೆ ಒಂದು ಬೀರುವೇ ಗೆದ್ದಲಿನ ಪಾಲಾಗುತ್ತದೆ.

ತಪ್ಪನ್ನು ಬಹಿರಂಗವಾಗಿ ಹೇಳಿಬಿಡಬೇಕು ಎಂದು ಅವರು ಕೂಟದ ಸಭೆಯಲ್ಲಿ ಎದ್ದು ನಿಂತರು. ಕಾರ್ಯದರ್ಶಿಗಳಿಗೆ ದಿಗಿಲಾಯಿತು. ಉಳಿದ ಹದಿಮೂರೂ ಒಂದೊಂದಾಗಿ ಜಾರಿಕೊಂಡರೆ? ಸದ್ದಿಲ್ಲದೆ ಆ ಪುಟಗಳನ್ನು ಹುಡುಕೋಣ, ಸಿಕ್ಕಿದಾಗ ಸೇರಿಸಿದರಾಯಿತು ಎಂದರು. ಎಣಿಕೆಯಕ್ಕ ಜಗ್ಗಲಿಲ್ಲ. ತಪ್ಪನ್ನು ಎಲ್ಲರಿಗೂ ಕಾಣುವಂತೆ ಹಾಕದಿದ್ದರೆ ನಾಳೆಯಿಂದ ಯಾವ ಪಟ್ಟಿಗೂ ಸಹಿ ಹಾಕುವುದಿಲ್ಲ ಎಂದುಬಿಟ್ಟರು. ಎರಡು ಗಂಟೆ ವಾದ ನಡೆದು, ಗ್ರಂಥಾಲಯದ ಮುಖಪುಟದಲ್ಲಿ ನಾಲ್ಕು ಸಾಲು ಬಂತು. ಬಾವಿಗಳ ಪುಸ್ತಕದಲ್ಲಿ ಹದಿನಾರು ಪುಟ ಇಲ್ಲ, ಎಣಿಸಿದವಳ ತಪ್ಪು, ಇನ್ನೊಂದು ಪ್ರತಿಯೂ ನಮ್ಮಿಂದಲೇ ಹೋಯಿತು, ಯಾರ ಬಳಿಯಾದರೂ ಒಂದು ಹಾಳೆ ಇದ್ದರೂ ತಿಳಿಸಿ. ಕೆಳಗೆ 'ಎಣಿಕೆಯಕ್ಕ'. ಹನ್ನೆರಡು ವರ್ಷದಲ್ಲಿ ಅವರ ಹೆಸರು ಅಲ್ಲಿ ಕಾಣಿಸಿಕೊಂಡದ್ದು ಅದೊಂದೇ ಸಲ.

ಯಾರೂ ಜಾರಿಕೊಳ್ಳಲಿಲ್ಲ. ಬದಲಿಗೆ ಎರಡು ಗ್ರಂಥಾಲಯದವರು, ನಮ್ಮ ಪುಸ್ತಕಗಳನ್ನೂ ಒಮ್ಮೆ ನೋಡಿಬಿಡಿ ಎಂದು ತಾವೇ ಬಂದು ಕೂತರು. ಅಂಕಿ ನೋಡಿ ತಿರುವುವ ಕೆಲಸ ಮೊದಲಿನಿಂದ ಶುರುವಾಗಿ ಈಗ ಆರು ಸಾವಿರ ಪುಸ್ತಕ ದಾಟಿದೆ. ಇನ್ನೂ ನಾಲ್ಕರಲ್ಲಿ ಇಂಥದೇ ಎಡವಟ್ಟು ಸಿಕ್ಕಿ, ನಾಲ್ಕೂ ಸರಿಹೋದವು.

ಬಾವಿ ಪುಸ್ತಕದ ಹಾಳೆಗಳು ಬಂದದ್ದು ವಿಚಿತ್ರ ದಾರಿಗಳಿಂದ. ಬೋರ್‌ವೆಲ್ ಕೊರೆಯುವ ಒಬ್ಬಾತ ಒಂದು ಬೆಳಿಗ್ಗೆ ಮೆಟ್ಟಿಲು ಹತ್ತಿ ಬಂದು, ಸ್ಪ್ಯಾನರು ಡಬ್ಬಿಯಿಂದ ಗ್ರೀಸು ಹತ್ತಿದ ಐದು ಹಾಳೆ ತೆಗೆದ. ಅವನ ಅಪ್ಪ ಯಾವುದೋ ಪ್ರತಿಯಿಂದ ಕಿತ್ತಿಟ್ಟುಕೊಂಡದ್ದು; ಆಗಿನಿಂದ ಆ ಸೀಮೆಯಲ್ಲಿ ನೀರಿನ ಪಾಯಿಂಟು ಗುರುತಿಸುವುದು ಆ ಹಾಳೆ ನೋಡಿಯೇ. ಜನರೆದುರು ಮಾತ್ರ ನೆಲಕ್ಕೆ ಕಿವಿಯಿಟ್ಟು ಕೇಳಿದಂತೆ ಮಾಡುತ್ತಿದ್ದನಂತೆ! ಇನ್ನೊಂದು ಹಾಳೆ ಒಂದು ಮನೆಯವರ ಜಮೀನಿನ ಕಾಗದಪತ್ರಗಳ ನಡುವೆ ಇತ್ತು, ತಾತ ತೋಡಿದ ಬಾವಿಯ ವಿವರ ಇದೆಯೆಂದು ಕತ್ತರಿಸಿಟ್ಟಿದ್ದರು. ಪಂಪಿನ ಹೆಂಗಸು ಕೇಳಿದ ನೂರ ಹತ್ತೊಂಬತ್ತೂ ಗ್ರೀಸಿನ ಹಾಳೆಗಳಲ್ಲಿ ಸಿಕ್ಕಿತು. ಶಾಲೆಯ ಹಿಂಬದಿ ಕಲ್ಲುಚಪ್ಪಡಿಯ ಕೆಳಗೆ ನಲವತ್ತೆರಡು ಅಡಿ ಆಳದ ಸಿಹಿನೀರ ಬಾವಿ. ಚಪ್ಪಡಿ ಎಬ್ಬಿಸಿ ನೋಡಿದರು. ಇತ್ತು. ಹೂಳು ತುಂಬಿ ನಲವತ್ತೆರಡು ಹೋಗಿ ನಲವತ್ತಾಗಿತ್ತು, ಅಷ್ಟೇ.

ಎಂಟರಲ್ಲಿ ಆರು ಬಂದವು. ಕೊನೆಯ ಎರಡು ಇನ್ನೂ ಇಲ್ಲ. ಆ ಎರಡು ಹಾಳೆಯಲ್ಲಿ ಬರಬೇಕಾದ ಹಳ್ಳಿಗಳವರು ಬಾಯಲ್ಲಿ ಹೇಳುತ್ತೇವೆ, ಬರೆದುಕೊಂಡು ಹಾಕಿಬಿಡಿ ಎಂದರಂತೆ. ಅವರು ಹೇಳಿದ್ದನ್ನು ಬರೆದು ಬೇರೆ ಕಡತದಲ್ಲಿ ಇಟ್ಟಿದ್ದಾರೆ, ಪುಸ್ತಕದೊಳಗೆ ಸೇರಿಸಿಲ್ಲ. ಅಲ್ಲಿ ನಾಲ್ಕು ಖಾಲಿ ಪುಟಗಳಿವೆ, 'ಬರಬೇಕಾಗಿದೆ' ಎಂಬ ಒಂದು ಸಾಲಿನೊಂದಿಗೆ.

ಇನ್ನು ಓದುಮನೆ. ತಿಂಗಳ ಮೊದಲ ಶನಿವಾರ ಟ್ರಂಕುಗಳ ಸುತ್ತು. ನಿವೃತ್ತರಾದ ಮೇಲೆ ಹೆಂಡತಿಯ ಗಂಡ ಎಂಬುದೊಂದೇ ಹುದ್ದೆ ಎಂದು ತಮ್ಮನ್ನು ಹಾಸ್ಯ ಮಾಡಿಕೊಳ್ಳುವ ಡ್ರೈವರ್ ಯಜಮಾನರು ಹಳೆಯ ವ್ಯಾನಿನಲ್ಲಿ ಟ್ರಂಕುಗಳನ್ನು ತಲುಪಿಸಿ ತರುತ್ತಾರೆ. ಮೇಷ್ಟ್ರು ಮುನಿಸಿಕೊಂಡು ಹೋದ ತಿಂಗಳಿನಿಂದ, ಓದುಮನೆಗೂ ಒಂದು ಟ್ರಂಕು ಹೋಗುತ್ತದೆ. ಒಳಗೆ ಖಾಲಿ ಪಟ್ಟಿ, ಒಂದು ಪೆನ್ನು. ಮುಂದಿನ ತಿಂಗಳು ಅದು ಹಾಗೆಯೇ ಖಾಲಿ ವಾಪಸು ಬರುತ್ತದೆ. ಇಪ್ಪತ್ತೈದು ಸಲ ಹೋಯಿತು, ಇಪ್ಪತ್ನಾಲ್ಕು ಸಲ ಬಂತು.

"ಮುಖಕ್ಕೆ ಹೊಡೆದ ಹಾಗಾಗಲ್ವಾ?" ಎಂದು ಕೇಳಿದೆ.

"ಆಗುತ್ತೆ. ಆದ್ರೆ ಕಳಿಸೋದು ನಿಲ್ಸಿದ್ರೆ ಅವರಿಗೆ ಬೇಕು ಅನ್ನಿಸಿದ ದಿನ ಟ್ರಂಕು ಎಲ್ಲಿಂದ ಬರುತ್ತೆ? ಅವರೇ ಫೋನು ಮಾಡಿ ಕೇಳ್ಬೇಕಾಗುತ್ತೆ. ಮೇಷ್ಟ್ರು ಕೇಳೋ ಜಾತಿ ಅಲ್ಲ."

ಇಪ್ಪತ್ತಾರನೇ ಸುತ್ತಿಗೆ ನಾನೂ ವ್ಯಾನು ಹತ್ತುತ್ತೇನೆ. ಕುತೂಹಲ ಎನ್ನುವುದು ಕೆಟ್ಟದ್ದು, ನನ್ನಂಥವರ ಹೊಟ್ಟೆಪಾಡೂ ಅದೇ. ದಾರಿಯುದ್ದಕ್ಕೂ ಯಜಮಾನರು ಹೆಂಡತಿಯ ಬಗ್ಗೆ ದೂರುತ್ತಾರೆ. "ಬಸ್ಸು ಓಡಿಸೋವಾಗ ಐವತ್ತು ಜನ ನನ್ನ ನಂಬಿ ನಿದ್ದೆ ಮಾಡೋರು. ಇವಳು ಮಾತ್ರ ಒಂದು ಟ್ರಂಕಿಗೆ ಮೂರು ಸಲ ಫೋನು ಮಾಡ್ತಾಳೆ." ಓದುಮನೆ ಹತ್ತಿರ ಬಂದಂತೆ ವ್ಯಾನಿನ ವೇಗ ತಗ್ಗಿಸುತ್ತಾರೆ. ಪ್ರತಿ ಸಲವೂ ಖಾಲಿ ಟ್ರಂಕು ತಂದು ಹೆಂಡತಿಯ ಎದುರು ಇಳಿಸಬೇಕಾದವರು ಅವರು.

ಓದುಮನೆ ಒಂದೇ ಕೋಣೆ. ಉದ್ದ ಮೇಜು, ಎರಡು ಬೆಂಚು, ಸಾಲು ಬೀರು. ಕಳೆದ ತಿಂಗಳು ಬಿಟ್ಟುಹೋಗಿದ್ದ ಟ್ರಂಕು ಬಾಗಿಲ ಪಕ್ಕದಲ್ಲೇ ಇದೆ. ಯಜಮಾನರು ಅಭ್ಯಾಸದಂತೆ ಒಂದೇ ಕೈಯಲ್ಲಿ ಹಿಡಿಕೆ ಹಿಡಿದು ಎಳೆಯುತ್ತಾರೆ. ಟ್ರಂಕು ಜಪ್ಪಯ್ಯ ಎಂದರೂ ಅಲುಗುವುದಿಲ್ಲ.

"ಒಬ್ಬರಿಂದ ಆಗಲ್ಲ," ಎನ್ನುತ್ತಾರೆ ಮೇಜಿನ ಹಿಂದೆ ಕೂತ ಮೇಷ್ಟ್ರು, ಕನ್ನಡಕ ಒರೆಸುತ್ತಾ. "ಮೂವತ್ತೊಂದಿದೆ. ಉಳಿದದ್ದು ತಿಂಗಳಿಗಿಷ್ಟು ಅಂತ ಬರುತ್ತೆ."

ಯಜಮಾನರು ಹೊರಗೆ ಹೋಗಿ ವ್ಯಾನಿನ ಬಾಗಿಲು ತೆಗೆಯುತ್ತಾರೆ. ಅದು ತೆಗೆದೇ ಇತ್ತು. ನಾನು ಮೇಷ್ಟ್ರನ್ನು ಕೇಳುತ್ತೇನೆ, ಈಗ ಯಾಕೆ ಮನಸ್ಸು ಬದಲಾಯಿತು?

"ಈಗಲ್ಲ. ಅವರು ಆ ನಾಲ್ಕು ಸಾಲು ಹಾಕಿದ ದಿನವೇ ಬದಲಾಯ್ತು. ಎಲ್ಲಾ ತಪ್ಪೂ ತಮ್ಮ ತಲೆ ಮೇಲೆ ಹಾಕ್ಕೊಂಡ್ರು. ರದ್ದಿಗೆ ಹಾಕಿದ ಕೈ ನಂದು. ಎಸೆಯೋ ಮುಂಚೆ ಒಂದ್ಸಲ ಕೂಟದ ಫೋಟೊ ಜೊತೆ ಹೋಲಿಸಿ ನೋಡಿದ್ರೆ ನಂಗೂ ಗೊತ್ತಾಗ್ತಿತ್ತು. ಇನ್ನೊಬ್ಬರು ಎಣಿಸಿದ್ದಾರೆ ಅಂತ ನಾನು ಎಣಿಸೋದು ಬಿಟ್ಟೆ." ಕನ್ನಡಕ ಹಾಕಿಕೊಂಡು ಹೇಳುತ್ತಾರೆ, "ಇದನ್ನ ಅವರಿಗೆ ಹೇಳ್ಬೇಡಿ. ನಾನೇ ಬಂದು ಹೇಳ್ತೀನಿ, ಆ ಮೆಟ್ಟಿಲು ಹತ್ತೋ ಶಕ್ತಿ ಬಂದಾಗ."

ಪತ್ರಿಕೆಯಲ್ಲಿ ಬರೆಯಬಹುದೇ ಎಂದು ಕೇಳಿದೆ. "ಪತ್ರಿಕೆ ಬೇರೆ," ಎಂದರು.

ಮತ್ತೆ ಎರಡು ವರ್ಷ ಯಾಕೆ ಬೇಕಾಯಿತು ಎಂಬ ಪ್ರಶ್ನೆ ನನ್ನಲ್ಲೇ ಉಳಿಯಿತು. ಅದಕ್ಕೆ ಉತ್ತರ ಸಿಕ್ಕಿದ್ದು ಮೇಲಿನ ಕೋಣೆಯಲ್ಲಿ, ಟ್ರಂಕು ತೆರೆದಾಗ.

ನಾವಿಬ್ಬರೂ ಮೆಟ್ಟಿಲ ಮೇಲೆ ಟ್ರಂಕು ಹೊತ್ತು ಏದುಸಿರು ಬಿಡುತ್ತಾ ಬರುವುದನ್ನು ಕಂಡೇ ಎಣಿಕೆಯಕ್ಕ ಎದ್ದು ನಿಲ್ಲುತ್ತಾರೆ. ಯಜಮಾನರು ಏನೋ ತಮಾಷೆ ಮಾಡಲು ಹೋಗಿ, ಬೆವರು ಒರೆಸಿಕೊಳ್ಳುತ್ತಾರೆ. ಮುಚ್ಚಳ ತೆಗೆದರೆ ಪುಸ್ತಕಗಳ ಮೇಲೆ ಪಟ್ಟಿ ಇದೆ. ಒಂದು ಹಾಳೆಯ ಪಟ್ಟಿಯಲ್ಲ, ದಾರದಲ್ಲಿ ಪೋಣಿಸಿದ ಒಂದು ಕಟ್ಟು. ಪ್ರತಿ ಪುಸ್ತಕಕ್ಕೂ ಒಂದು ಹಾಳೆ. ಅದರಲ್ಲಿ ಮೇಷ್ಟ್ರ ಗುಂಡು ಅಕ್ಷರದಲ್ಲಿ ಒಟ್ಟು ಹಾಳೆ ಎಷ್ಟು, ಒಂದೊಂದು ಫಾರಂ ಯಾವ ಪುಟದಿಂದ ಶುರು, ಯಾವ ಪುಟಕ್ಕೆ ಮುಗಿಯುತ್ತದೆ. ಒಂದರಿಂದ ಹದಿನಾರು, ಹದಿನೇಳರಿಂದ ಮೂವತ್ತೆರಡು, ಹೀಗೆ ಕೊನೆಯವರೆಗೆ. ಎಲ್ಲಿ ಹಾಳೆ ಹರಿದಿದೆ, ಎಲ್ಲಿ ಗೆದ್ದಲು ತಿಂದಿದೆ. ಒಂದು ಪುಸ್ತಕದ ಹಾಳೆಯಲ್ಲಿ ಕೆಂಪು ಶಾಯಿಯಲ್ಲಿ: 'ಐವತ್ತೇಳನೇ ಪುಟದ ಹಾಳೆ ನಮ್ಮಲ್ಲೇ ಇಲ್ಲ. ನಿಮ್ಮ ತಪ್ಪಲ್ಲ.' ನಾನೂರ ಹನ್ನೆರಡು ಪುಸ್ತಕಗಳನ್ನೂ ಹೀಗೆಯೇ, ಮಂಜಾದ ಕಣ್ಣಿನಲ್ಲಿ, ಒಬ್ಬರೇ ಕೂತು ಎಣಿಸಿ ಮುಗಿಸಿದ ಮೇಲೆಯೇ ಅವರು ಮೊದಲ ಟ್ರಂಕು ತುಂಬಿದ್ದು. ಕಟ್ಟಿನ ಕೊನೆಯ ಹಾಳೆಯಲ್ಲಿ ಅದನ್ನೂ ಎರಡು ಸಾಲಿನಲ್ಲಿ ಬರೆದಿದ್ದರು, ತಡವಾದದ್ದಕ್ಕೆ ಕ್ಷಮೆ ಕೇಳಿ.

ಎಣಿಕೆಯಕ್ಕ ಕಟ್ಟನ್ನು ಪೂರ್ತಿ ಓದುತ್ತಾರೆ. ಸೆರಗಿನಿಂದ ಕಣ್ಣೊರೆಸಿಕೊಂಡು, "ನೋಡಿ, ಮತ್ತೆ ಕೈ ಒದ್ದೆ," ಎಂದು ಗೊಣಗುತ್ತಾ ನಲ್ಲಿಯ ಹತ್ತಿರ ಹೋಗುತ್ತಾರೆ. ಬೆರಳ ಸಂದಿ, ಉಗುರಿನ ಅಡಿ, ಮಣಿಕಟ್ಟು. ಎರಡು ನಿಮಿಷ. ಆಮೇಲೆ ಮೇಲಿನ ಪುಸ್ತಕ ಎತ್ತಿಕೊಂಡು ಹಾಳೆಗಳನ್ನು ಹರಡಿ ಐದೈದಾಗಿ ಸರಿಸುತ್ತಾರೆ. ಅದು ಮುಗಿದ ಮೇಲೆ ಮತ್ತೆ ಮೊದಲ ಪುಟಕ್ಕೆ ಬಂದು, ಕನ್ನಡಕ ಹಾಕಿಕೊಂಡು, ಅಂಕಿಗಳನ್ನು ಒಂದೊಂದಾಗಿ ಬಾಯಿಬಿಟ್ಟು ಓದತೊಡಗುತ್ತಾರೆ.

ನನಗೆ ತಡೆಯಲಾಗುವುದಿಲ್ಲ. ಮೇಷ್ಟ್ರು ಇಷ್ಟು ಚೊಕ್ಕವಾಗಿ ಎಣಿಸಿ ಬರೆದು ಕಳಿಸಿದ್ದಾರಲ್ಲ, ಮತ್ತೆ ಯಾಕೆ ಎಣಿಸಬೇಕು ಎಂದು ಕೇಳುತ್ತೇನೆ. ಅವರು ಪುಟದಿಂದ ಕಣ್ಣು ತೆಗೆಯುವುದಿಲ್ಲ. ಬೆರಳನ್ನು ಇಪ್ಪತ್ಮೂರರ ಮೇಲೆ ಇಟ್ಟುಕೊಂಡೇ ಹೇಳುತ್ತಾರೆ:

"ಅವರು ಎಣಿಸಿದ್ದಾರೆ ಅಂತ ನಾನು ಬಿಟ್ರೆ, ಎರಡು ವರ್ಷ ಕೂತು ಎಣಿಸಿದ್ದಕ್ಕೆ ನಾನು ಕೊಟ್ಟ ಮರ್ಯಾದೆ ಏನು?"